ಅರ್ಧ ಸೆಕೆಂಡಿನ ದೂರ

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಬಯಲಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸರಿಯಾಗಿ ಅರ್ಧ ಸೆಕೆಂಡಿಗೆ ಮಾರ್ದನಿ ಕಿವಿಗೆ ಬೀಳಬೇಕು ಅಂದುಕೊಳ್ಳಿ. ಆಗ ಎದುರಿನ ಬಂಡೆ 86 ಮೀಟರ್ ದೂರದಲ್ಲಿರಬೇಕು. ಹೋಗಲು ಅಷ್ಟು, ಬರಲು ಅಷ್ಟು. ಒಂದು ಸೆಕೆಂಡು ಬೇಕೆಂದರೆ ಬಂಡೆ ಇನ್ನೂ ಅಷ್ಟೇ ದೂರ ಹಿಂದೆ ಸರಿಯಬೇಕು. ಬಂಡೆಗಳು ಸರಿಯುವುದಿಲ್ಲ. ವಿಜಯಪುರದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಪಿಸುಮಾತಿನ ಆ ಮೊಗಸಾಲೆಯಲ್ಲಿ ಯಾರು ಕೂಗಿದರೂ, ಎಷ್ಟು ಹೊತ್ತಿಗೆ ಕೂಗು ಮರಳಬೇಕೆಂಬುದನ್ನು 17ನೇ ಶತಮಾನದ ಕಲ್ಲುಕುಟಿಗರು ಒಂದೇ ಸಲ ತೀರ್ಮಾನಿಸಿ ಹೋಗಿದ್ದಾರೆ. ಅದನ್ನು ಬದಲಿಸಬೇಕೆಂದರೆ ಗುಮ್ಮಟ ಕೆಡವಿ ಮತ್ತೆ ಕಟ್ಟಬೇಕು.

ಗಿಟಾರ್ ನುಡಿಸುವವರ ಪಾದದ ಬಳಿ ಒಂದು ಲೋಹದ ಪೆಟ್ಟಿಗೆ ಬಿದ್ದಿರುತ್ತದೆ. ಡಿಲೇ ಪೆಡಲ್ ಅನ್ನುತ್ತಾರೆ. ಅಂಗೈಗೆ ಸ್ವಲ್ಪ ಹೆಚ್ಚಾದೀತು, ಅಷ್ಟೆ. ಅದರ ಮೇಲೆ ‘ಟೈಮ್’ ಎಂದು ಬರೆದ ಒಂದು ನಾಬ್. ಎರಡು ಬೆರಳಲ್ಲಿ ಹಿಡಿದು ಕೊಂಚ ತಿರುಗಿಸಿದರೆ ಬಂಡೆ ಸರಿಯುತ್ತದೆ. ಬಾಸ್ ಕಂಪನಿಯ ಡಿಡಿ-7 ಎಂಬ ಪೆಡಲ್ ಸದ್ದನ್ನು 6.4 ಸೆಕೆಂಡಿನವರೆಗೆ ತಡೆದಿಟ್ಟುಕೊಳ್ಳಬಲ್ಲದು. ಲೆಕ್ಕ ಹಾಕಿದರೆ ಬಂಡೆ ಒಂದು ಕಿಲೋಮೀಟರಿಗೂ ಆಚೆ ಹೋಯಿತು. ನಿಜವಾದ ಬಯಲಲ್ಲಿ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ಒಂದು ಗಿಟಾರ್ ತಂತಿಯ ಮಿಡಿತ ಎಲ್ಲೋ ಕರಗಿ ಹೋಗಿರುತ್ತದೆ. ಪೆಟ್ಟಿಗೆಯಿಂದ ಮಾತ್ರ ಈಗ ತಾನೇ ಮೀಟಿದ ಹಾಗೆ ಹೊರಬರುತ್ತದೆ.

ನಾನು ಗಿಟಾರ್ ನುಡಿಸುವುದು ಅಷ್ಟಕ್ಕಷ್ಟೆ. ಆದರೆ ಈ ಪೆಟ್ಟಿಗೆಯನ್ನು, ಅದರಲ್ಲೂ ಅದರ ಪಕ್ಕೆಗಳಲ್ಲಿರುವ ತೂತುಗಳನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಳಗೆ ಹೋಗಲು ಒಂದೆರಡು, ಹೊರಗೆ ಬರಲು ಒಂದೆರಡು, ಕಾಲಿನ ಮಾತು ಕೇಳಲು ಇನ್ನೊಂದು. ಈ ಐದಾರು ತೂತುಗಳ ನಡುವೆ ‘ಈಗ’ ಎನ್ನುವುದು ಒಳಹೊಕ್ಕು ‘ಆಗಲೇ’ ಆಗಿ ಹೊರಬರುತ್ತದೆ. ಗೊತ್ತಿಲ್ಲದ್ದರ ಮುಂದೆ ಬೆರಗಾಗುವುದು ಸುಲಭ. ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು, ಅದು ಹೇಗೆ ನಡೆಯುತ್ತದೆ ಎಂದು ಒಂದೊಂದೇ ತಂತಿ ಹಿಡಿದು ತಿಳಿದುಕೊಂಡ ಮೇಲಿನ ಪೆಟ್ಟಿಗೆ.

ಮೊದಲು ಒಳಗಿನ ಸಂಗತಿ. ಸದ್ದಿನ ಒಂದು ಕ್ಷಣವನ್ನು ತಡೆದಿಡಲು ಮನುಷ್ಯ ಹೂಡಿರುವ ಉಪಾಯಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ, ಅವೆಲ್ಲ ಒಂದೇ ಉಪಾಯ. ಕಾಲವನ್ನು ದೂರವನ್ನಾಗಿ ಮಾಡುವುದು. ಬಂಡೆ ಮಾಡುವುದೂ ಅದನ್ನೇ.

1950ರ ದಶಕದಲ್ಲಿ ಅಮೆರಿಕದ ಮೆಂಫಿಸ್ ಊರಿನ ಸನ್ ಸ್ಟುಡಿಯೊದಲ್ಲಿ ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ರೆಕಾರ್ಡರ್ ಜೋಡಿಸಿ ಹಾಡಿಗೆ ಬೆನ್ನಹಿಂದೆಯೇ ಬಂದು ಬಡಿಯುವ ಒಂದು ಮಾರ್ದನಿ ಸೇರಿಸುತ್ತಿದ್ದ. ಎಲ್ವಿಸ್ ಪ್ರೀಸ್ಲಿಯ ಮೊದಮೊದಲ ರೆಕಾರ್ಡುಗಳಲ್ಲಿ ಕೇಳುವುದು ಅದೇ. ಟೇಪ್ ರೆಕಾರ್ಡರಿನಲ್ಲಿ ಬರೆಯುವ ಹೆಡ್ ಒಂದು, ಓದುವ ಹೆಡ್ ಒಂದು. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತಿದ್ದು, ಎರಡೂ ಹೆಡ್ಡುಗಳ ನಡುವೆ 5 ಸೆಂಟಿಮೀಟರ್ ಇದ್ದರೆ, ಬರೆದ ಸದ್ದು ಓದುವ ಹೆಡ್ಡಿನ ಕೆಳಗೆ ಬರಲು ಕಾಲು ಸೆಕೆಂಡಿಗಿಂತ ಚೂರು ಹೆಚ್ಚು ಹಿಡಿಯುತ್ತದೆ. ಅಷ್ಟು ದೊಡ್ಡ ಬಯಲು ಬೆರಳಿನುದ್ದಕ್ಕೆ ಇಳಿದದ್ದು ಹೀಗೆ. 1959ರಲ್ಲಿ ಬಂದ ಎಕೋಪ್ಲೆಕ್ಸ್ ಯಂತ್ರದಲ್ಲಿ ಒಂದು ಹೆಡ್ಡನ್ನು ಕೈಯಿಂದ ಆಚೀಚೆ ಜರುಗಿಸುವ ಏರ್ಪಾಡಿತ್ತು. ಕಾಲವನ್ನು ಸೆಂಟಿಮೀಟರಿನಲ್ಲಿ ಹಿಡಿದು ಸರಿಸುವ ಸುಖ ಆ ತಲೆಮಾರಿನವರಿಗೆ ಸಿಕ್ಕಿತು. ಇಟಲಿಯ ಮಿಲಾನಿನಲ್ಲಿ ತಯಾರಾಗುತ್ತಿದ್ದ ಬಿನ್ಸನ್ ಎಕೋರೆಕ್‌ನಲ್ಲಿ ಟೇಪಿನ ಬದಲು ಒಂದು ಕಾಂತೀಯ ಚಕ್ರ ತಿರುಗುತ್ತಿತ್ತು. ಸುತ್ತಲೂ ಓದುವ ಹೆಡ್ಡುಗಳು. ಪಿಂಕ್ ಫ್ಲಾಯ್ಡ್ ತಂಡದ ಆರಂಭದ ವರ್ಷಗಳ ಆ ತೇಲುವ ಗಿಟಾರ್ ಸದ್ದು ಈ ಚಕ್ರದ್ದು.

ಆಮೇಲೆ ಓಡುವ, ತಿರುಗುವ ಭಾಗವೇ ಇಲ್ಲದ ಉಪಾಯ ಬಂತು. 1969ರಲ್ಲಿ ನೆದರ್‌ಲೆಂಡ್ಸಿನ ಫಿಲಿಪ್ಸ್ ಪ್ರಯೋಗಾಲಯದ ಸ್ಯಾಂಗ್‌ಸ್ಟರ್ ಮತ್ತು ಟೇರ್ ಎಂಬಿಬ್ಬರು ಒಂದು ಚಿಪ್ ರೂಪಿಸಿದರು. ನಮ್ಮಲ್ಲಿ ಮನೆಗೆ ಮೋಲ್ಡ್ ಹಾಕುವ ದಿನ ಕೆಳಗಿನಿಂದ ಮೇಲಿನವರೆಗೆ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಸಾವಿರಾರು ಪುಟ್ಟ ಕೆಪಾಸಿಟರುಗಳು ಸಾಲಾಗಿ ನಿಂತಿರುತ್ತವೆ. ಗಡಿಯಾರದ ಒಂದೊಂದು ಬಡಿತಕ್ಕೂ ತಮ್ಮಲ್ಲಿರುವ ವಿದ್ಯುತ್ತಿನ ಮೊತ್ತವನ್ನು ಪಕ್ಕದವರಿಗೆ ಸುರಿಯುತ್ತವೆ. ಬಡಿತ ನಿಧಾನವಾದರೆ ಸದ್ದು ಆಚೆ ತುದಿ ಮುಟ್ಟುವುದು ತಡ. 1981ರಲ್ಲಿ ಬಂದ ಬಾಸ್ ಡಿಎಂ-2 ಪೆಡಲಿನಲ್ಲಿದ್ದ ಚಿಪ್ಪಿನಲ್ಲಿ ಇಂಥ 4096 ಮಂದಿ. ಎಷ್ಟು ನಿಧಾನ ಮಾಡಿದರೂ 300 ಮಿಲಿಸೆಕೆಂಡಿಗಿಂತ ಹೆಚ್ಚು ತಡ ಸಿಗುತ್ತಿರಲಿಲ್ಲ. ದಾಟಿಸುವಾಗ ಒಂದಿಷ್ಟು ಚೆಲ್ಲುವುದೂ ಇತ್ತು. ತಡ ಹೆಚ್ಚಿದಷ್ಟೂ ಸದ್ದಿನ ಹೊಳಪು ಮಾಸಿ, ದಪ್ಪ ಕಂಬಳಿ ಹೊದ್ದ ಹಾಗೆ ಕೇಳುತ್ತಿತ್ತು. ಆ ಕೊರತೆಯನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ, ಇಂದಿನ ಚೊಕ್ಕಟವಾದ ಡಿಜಿಟಲ್ ಪೆಡಲುಗಳಲ್ಲಿ ‘ಅನಲಾಗ್’ ಎಂಬ ಆಯ್ಕೆ ಇಟ್ಟು, ಚೆಲ್ಲುವುದನ್ನು ಲೆಕ್ಕ ಹಾಕಿ ಚೆಲ್ಲಿಸುತ್ತಾರೆ.

ಡಿಜಿಟಲ್ ಪೆಡಲಿನೊಳಗೆ ದೂರ ಇನ್ನೂ ವಿಚಿತ್ರವಾಗಿದೆ. ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದರೆ ಅರ್ಧ ಸೆಕೆಂಡು ಎಂದರೆ 22,050 ಅಂಕಿಗಳು. ಅವು ಮೆಮೊರಿಯಲ್ಲಿ ಉಂಗುರದ ಹಾಗೆ ಸುತ್ತಿದ ಮನೆಗಳಲ್ಲಿ ಕೂರುತ್ತವೆ. ಒಬ್ಬ ಬರೆಯುತ್ತ ಸುತ್ತುತ್ತಾನೆ, ಇನ್ನೊಬ್ಬ 22,050 ಮನೆ ಹಿಂದಿನಿಂದ ಓದುತ್ತ ಸುತ್ತುತ್ತಾನೆ. ಇಬ್ಬರ ವೇಗವೂ ಒಂದೇ; ಇವನು ಅವನನ್ನು ಎಂದೂ ಹಿಡಿಯುವುದಿಲ್ಲ. ಆ ಅಂತರವೇ ಮಾರ್ದನಿ. ಬಯಲು, ಟೇಪು, ಬಾಂಡ್ಲಿ ಸಾಲು ಎಲ್ಲ ಕಳಚಿಬಿದ್ದ ಮೇಲೂ, ಮುಂದಿನವನಿಗೂ ಹಿಂದಿನವನಿಗೂ ನಡುವಿನ ದೂರ ಎಂಬುದೊಂದು ಮಾತ್ರ ಉಳಿದುಕೊಂಡಿದೆ. ಅದೂ ಹೋಗಿದ್ದರೆ ‘ಆಗಲೇ’ ಎನ್ನುವುದಕ್ಕೆ ನಿಲ್ಲಲು ಜಾಗವೇ ಇರುತ್ತಿರಲಿಲ್ಲ.

ಇನ್ನು ತೂತುಗಳು. ಪೆಡಲುಗಳಲ್ಲಿ ಸಾಮಾನ್ಯವಾಗಿ ಇನ್‌ಪುಟ್ ಬಲಕ್ಕೆ, ಔಟ್‌ಪುಟ್ ಎಡಕ್ಕೆ. ಸದ್ದು ಬಲದಿಂದ ಎಡಕ್ಕೆ ಹರಿಯುತ್ತದೆ, ಉರ್ದು ಬರಹದ ಹಾಗೆ. ಹೊಸಬರಿಗೆ ಇದು ತಿರುಗುಮುರುಗಾಗಿ ಕಂಡರೂ ನಾಲ್ಕು ದಿನದಲ್ಲಿ ಕಾಲಿಗೆ ರೂಢಿಯಾಗುತ್ತದೆ.

ಗಿಟಾರಿನಿಂದ ಬರುವ ಕೇಬಲಿನ ತುದಿಯಲ್ಲಿರುವ ಪ್ಲಗ್ ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ದಪ್ಪ. ನಮ್ಮ ಮೈಕ್‌ಸೆಟ್ಟಿನವರು ‘ಪಿ-38 ಪಿನ್’ ಎನ್ನುವುದು ಇದನ್ನೇ. ಇದು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, 19ನೇ ಶತಮಾನದ ಕೊನೆಯ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ನೆನಪಿರುವವರಿಗೆ ಆ ದೃಶ್ಯ ಗೊತ್ತು: ಆಪರೇಟರಮ್ಮ ಬೋರ್ಡಿನ ಮುಂದೆ ಕೂತು ಒಂದು ತೂತಿನಿಂದ ಪಿನ್ ಎಳೆದು ಇನ್ನೊಂದಕ್ಕೆ ಚುಚ್ಚಿದರೆ, ಹುಬ್ಬಳ್ಳಿಯವರ ಮಾತು ಮೈಸೂರಿನವರ ಕಿವಿಗೆ. ಎಕ್ಸ್‌ಚೇಂಜುಗಳಲ್ಲಿ ಆ ಬೋರ್ಡುಗಳು ಯಾವತ್ತೋ ಗುಜರಿಗೆ ಹೋದವು. ಪಿನ್ ಮಾತ್ರ ನೂರಕ್ಕೂ ಹೆಚ್ಚು ವರ್ಷದಿಂದ ಅದೇ ಅಳತೆಯಲ್ಲಿ ಗಿಟಾರ್ ಹುಡುಗರ ಚೀಲದಲ್ಲಿ ಉಳಿದುಕೊಂಡಿದೆ. ಯಂತ್ರಲೋಕದಲ್ಲಿ ಇಷ್ಟು ವರ್ಷ ಮೈ ಬದಲಿಸದೆ ಬದುಕಿದ ವಸ್ತುಗಳು ಹೆಚ್ಚಿಲ್ಲ. ಹಿಂದೆ ಮತ್ತೆ ಮತ್ತೆ ಚಾರ್ಜರ್ ಪಿನ್ ಬದಲಿಸುತ್ತಿದ್ದ ಫೋನ್ ಕಂಪನಿಗಳು ಇದನ್ನೊಮ್ಮೆ ನೋಡಬೇಕಿತ್ತು.

ಈ ಕೇಬಲಿನಲ್ಲಿ ತಡ ಇಲ್ಲವೇ ಇಲ್ಲ ಎನ್ನಬಹುದು. 6 ಮೀಟರ್ ಕೇಬಲನ್ನು ವಿದ್ಯುತ್ ಸಂಕೇತ ಸುಮಾರು 30 ನ್ಯಾನೊಸೆಕೆಂಡಿನಲ್ಲಿ, ಎಂದರೆ ಒಂದು ಸೆಕೆಂಡಿನ ಮೂರು ಕೋಟಿಯಲ್ಲೊಂದು ಪಾಲಿನಲ್ಲಿ ದಾಟುತ್ತದೆ. ಅದೇ, ಮೂರೂವರೆ ಮೀಟರ್ ಆಚೆ ಇಟ್ಟ ಆಂಪ್ಲಿಫೈಯರಿನಿಂದ, ಅಂದರೆ ಆಂಪಿನಿಂದ, ನುಡಿಸುವವನ ಕಿವಿಗೆ ಗಾಳಿಯಲ್ಲಿ ಬರಲು 10 ಮಿಲಿಸೆಕೆಂಡು ಬೇಕು. ವೇದಿಕೆಯ ಮೇಲೆ ನಿಂತವನು ಯಾವ ಪೆಡಲೂ ಇಲ್ಲದೆಯೇ ತನ್ನನ್ನು ತಾನು ತಡವಾಗಿ ಕೇಳಿಸಿಕೊಳ್ಳುತ್ತಿರುತ್ತಾನೆ. ಅದು ಅವನಿಗೆ ತಿಳಿಯುವುದಿಲ್ಲ. ತಿಳಿಯದೆ ಇರುವುದಕ್ಕೂ ಕಾರಣವಿದೆ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಪ್ರಯೋಗ ಮಾಡಿ ತೋರಿಸಿದ ಹಾಗೆ, ಒಂದು ಸದ್ದಿನ ಹಿಂದೆಯೇ ಸುಮಾರು 30 ಮಿಲಿಸೆಕೆಂಡಿನೊಳಗೆ ಬರುವ ಅದರ ಪ್ರತಿಗಳನ್ನು ಮಿದುಳು ಮೊದಲನೆಯದರೊಳಗೇ ಸೇರಿಸಿಬಿಡುತ್ತದೆ. ನಾವು ಕೂತ ಪ್ರತಿ ಕೋಣೆಯೂ ಮಾರ್ದನಿಗಳಿಂದ ಗಿಜಿಗುಟ್ಟುತ್ತಿರುತ್ತದೆ. ಮಿದುಳು ಅವನ್ನೆಲ್ಲ ಮುಚ್ಚಿಟ್ಟು ಒಂದೇ ಸದ್ದು ಎಂದು ನಮಗೆ ಹೇಳುತ್ತದೆ. ಡಿಲೇ ಪೆಡಲ್ ಮಾಡುವುದು ಇಷ್ಟೆ: ಮಾರ್ದನಿಯನ್ನು ಆ ಮುಸುಕಿನಿಂದಾಚೆ ಎಳೆದು ತರುವುದು.

ಇನ್‌ಪುಟ್ ತೂತಿನ, ಅಂದರೆ ಜ್ಯಾಕಿನ, ವಿನಯವೂ ಹೇಳಬೇಕಾದದ್ದು. ಗಿಟಾರಿನ ಪಿಕಪ್ ಹುಟ್ಟಿಸುವ ವಿದ್ಯುತ್ತು ಬಹಳ ಬಡವು. ಅದನ್ನು ಕೇಳಿಸಿಕೊಳ್ಳುವ ಸರ್ಕೀಟು ಹೆಚ್ಚು ಎಳೆದುಕೊಂಡರೆ ತಾರಸ್ವರದ ಹೊಳಪು ಸತ್ತುಹೋಗುತ್ತದೆ. ಅದಕ್ಕೇ ಇನ್‌ಪುಟ್ಟಿನಲ್ಲಿ ಹತ್ತು ಲಕ್ಷ ಓಮ್‌ನಷ್ಟು ತಡೆ ಇಟ್ಟಿರುತ್ತಾರೆ: ಕೇಳಬೇಕು, ಆದರೆ ಮುಟ್ಟಿಯೂ ಮುಟ್ಟದ ಹಾಗೆ. ಔಟ್‌ಪುಟ್ ಕಡೆ ಸುಮಾರು ಒಂದು ಸಾವಿರ ಓಮ್. ಅಲ್ಲಿಂದ ಹೊರಟ ಸದ್ದು ಉದ್ದನೆಯ ಕೇಬಲನ್ನೂ ಗಟ್ಟಿಯಾಗಿ ತಳ್ಳಿಕೊಂಡು ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಬೆರಗು ತಂದದ್ದು ಯಾರೂ ಏನೂ ಚುಚ್ಚದ ತೂತು. ಡಿಡಿ-7ರಲ್ಲಿ ಇನ್‌ಪುಟ್ ಎರಡು, ಔಟ್‌ಪುಟ್ ಎರಡು. ಎ ಮತ್ತು ಬಿ. ಒಂದೇ ಆಂಪ್ ಇದ್ದರೆ ಔಟ್‌ಪುಟ್ ಎ ಸಾಕು. ಮೂಲ ಸದ್ದು, ಮಾರ್ದನಿ ಎರಡೂ ಕಲೆತು ಅಲ್ಲಿಂದಲೇ ಬರುತ್ತವೆ. ಬಿ ತೂತಿಗೂ ಒಂದು ಪಿನ್ ಚುಚ್ಚಿದೆವೋ, ಸದ್ದು ಇಬ್ಭಾಗವಾಗಿ ಎಡಬಲಕ್ಕೆ ಹಂಚಿಹೋಗುತ್ತದೆ. ಯಾವ ಸ್ವಿಚ್ಚನ್ನೂ ಒತ್ತಿಲ್ಲ. ಪೆಟ್ಟಿಗೆಗೆ ಹೇಗೆ ತಿಳಿಯಿತು? ಜ್ಯಾಕಿನ ಒಳಗೆ ಬಾಗಿದ ಲೋಹದ ಪಟ್ಟಿಯೊಂದು ಇನ್ನೊಂದು ಪಟ್ಟಿಗೆ ಒರಗಿ ನಿಂತಿರುತ್ತದೆ. ತೂತು ಖಾಲಿ ಇರುವವರೆಗೂ ಆ ಒರಗುವಿಕೆಯಲ್ಲಿ ಒಂದು ಸಂಪರ್ಕವಿದೆ. ಪಿನ್ ಒಳಬಂದು ಪಟ್ಟಿಯನ್ನು ದೂಡಿದಾಗ ಅದು ತಪ್ಪುತ್ತದೆ. ಇದೂ ಟೆಲಿಫೋನ್ ಬೋರ್ಡಿನ ಕಾಲದ ವಿದ್ಯೆಯೇ. ಖಾಲಿ ತೂತು ಸುಮ್ಮನೆ ಕೂತಿಲ್ಲ ಎಂದಾಯಿತು. ತನ್ನ ಪಾಲಿನ ಸದ್ದನ್ನು ಪಕ್ಕದ ತೂತಿಗೆ ಒಪ್ಪಿಸಿ ನಿಂತಿದೆ. ಅಲ್ಲಿಗೊಂದು ಕೇಬಲ್ ಬಂದಾಗ, ಅದುವರೆಗೆ ಇದ್ದ ಒಂದು ಬೆಸುಗೆ ಕಡಿದು ಹೊಸದೊಂದು ಹುಟ್ಟುತ್ತದೆ. ಜೋಡಿಸುವುದು ಎಂದರೆ ಬರೀ ಸೇರಿಸುವುದು ಎಂದು ನಾನು ಬಹಳ ದಿನ ತಿಳಿದಿದ್ದೆ. ಇಲ್ಲಿ ಪ್ರತಿ ಜೋಡಣೆಯೂ ಒಂದು ಅಗಲಿಕೆಯನ್ನೂ ಮಾಡುತ್ತದೆ.

ಎರಡು ಔಟ್‌ಪುಟ್ ಎರಡು ಆಂಪಿಗೆ ಹೋದರೆ ಏನಾಗುತ್ತದೆ ಎಂದು ಕೇಳಿಯೇ ತಿಳಿಯಬೇಕು. ನಮ್ಮ ಕಿವಿಗಳ ನಡುವೆ ಇರುವುದು ಒಂದು ಗೇಣಿಗೂ ಕಡಿಮೆ. ಪಕ್ಕದಿಂದ ಬಂದ ಸದ್ದು ಒಂದು ಕಿವಿಗಿಂತ ಇನ್ನೊಂದಕ್ಕೆ ಹೆಚ್ಚೆಂದರೆ 0.7 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಅಷ್ಟು ಸಣ್ಣ ತಡವನ್ನೇ ಹಿಡಿದು ಮಿದುಳು ‘ಅಗೋ, ಎಡಗಡೆ’ ಎನ್ನುತ್ತದೆ. ಅಂಥ ಕಿವಿಗಳ ಮುಂದೆ ಮೂಲ ಸದ್ದನ್ನು ಎಡಕ್ಕೂ ಅರ್ಧ ಸೆಕೆಂಡು ಹಿಂದಿನದನ್ನು ಬಲಕ್ಕೂ ಇಟ್ಟರೆ, ಕೇಳುವವನು ಎರಡು ಕಾಲಗಳ ನಡುವೆ ಕೂತ ಹಾಗೆ. ಕ್ವೀನ್ ತಂಡದ ಬ್ರಯಾನ್ ಮೇ 1970ರ ದಶಕದಲ್ಲಿ ಎಕೋಪ್ಲೆಕ್ಸಿನಿಂದ ಬಂದ ಒಂದೊಂದು ಮಾರ್ದನಿಯನ್ನೂ ಒಂದೊಂದು ಬೇರೆ ಆಂಪಿಗೆ ಕಳಿಸಿ, ಹಿಂದೆ ನುಡಿಸಿದ ತನ್ನ ಜೊತೆಗೆ ಈಗಿನ ತಾನು ಸ್ವರಮೇಳ ನುಡಿಸುತ್ತಿದ್ದ. 1974ರ ‘ಬ್ರೈಟನ್ ರಾಕ್’ ಹಾಡಿನ ನಡುವಿನ ಗಿಟಾರ್ ಭಾಗ ಕೇಳಿ. ಒಬ್ಬನೇ ಮನುಷ್ಯ ಸಾಲಾಗಿ ನಿಂತ ಹಾಗಿದೆ. ಇದೇ ಬ್ರಯಾನ್ ಮೇ, ಸಂಗೀತಕ್ಕಾಗಿ ಅರ್ಧಕ್ಕೇ ಬಿಟ್ಟಿದ್ದ ಖಗೋಳಭೌತದ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಂಡು 2007ರಲ್ಲಿ ಡಾಕ್ಟರೇಟ್ ಪಡೆದ. ಮೂರು ದಶಕಕ್ಕೂ ಮೀರಿದ ಡಿಲೇ ಅದು, ಯಾವ ಪೆಡಲಿನಲ್ಲೂ ಸಿಗದ್ದು.

ಹೊರಗಿನಿಂದ ಕಾಣದ ಇನ್ನೊಂದು ತಂತಿ ಪೆಟ್ಟಿಗೆಯ ಒಳಗಿದೆ. ಅದು ಔಟ್‌ಪುಟ್ಟಿನ ಸ್ವಲ್ಪ ಪಾಲನ್ನು ತಂದು ಮತ್ತೆ ಇನ್‌ಪುಟ್ಟಿಗೆ ಸುರಿಯುತ್ತದೆ. ‘ಫೀಡ್‌ಬ್ಯಾಕ್’ ಎಂಬ ನಾಬ್ ಅಳೆಯುವುದು ಈ ಪಾಲನ್ನು. ಅರ್ಧ ಮರಳಿಸಿದರೆ ಪ್ರತಿ ಸುತ್ತಿಗೂ ಅರ್ಧರ್ಧ ಇಳಿಯುತ್ತ ಎಂಟನೆಯ ಮಾರ್ದನಿ ಮೊದಲನೆಯದರ 128ರಲ್ಲೊಂದು ಪಾಲಾಗುತ್ತದೆ. ಕಿವಿಗೆ ಅದು ಇಲ್ಲದ ಹಾಗೆಯೇ. ಪೂರ್ತಿ ಮರಳಿಸಿದರೆ ಮಾರ್ದನಿಗೆ ಕೊನೆಯಿಲ್ಲ. ಅದಕ್ಕೂ ಚೂರು ಹೆಚ್ಚಿಸಿದರೆ ಪ್ರತಿ ಸುತ್ತಿಗೂ ಸದ್ದು ಬೆಳೆಯುತ್ತದೆ, ಗಿಟಾರನ್ನು ಗೋಡೆಗೆ ಒರಗಿಸಿಟ್ಟು ಹೋದರೂ ಪೆಟ್ಟಿಗೆ ತಾನೇ ಕೂಗತೊಡಗುತ್ತದೆ. ಜಮೈಕಾದ ಡಬ್ ಸಂಗೀತದ ಕಿಂಗ್ ಟಬ್ಬಿ, ಲೀ ಪೆರಿ ಮುಂತಾದವರು ಆ ಅಂಚಿನವರೆಗೆ ಬೇಕೆಂದೇ ಹೋಗಿ, ಕೂಗು ಕೈಮೀರುವ ಮುನ್ನ ಹಿಂದೆಳೆಯುವುದನ್ನೇ ಒಂದು ಕಲೆ ಮಾಡಿಕೊಂಡರು. ಒಬ್ಬರು ಬೇಡವೆಂದು ದೂರವಿಟ್ಟದ್ದನ್ನು ಇನ್ನೊಬ್ಬರು ವಾದ್ಯವಾಗಿಸಿಕೊಂಡರು.

ಈಗ ಕಾಲಿಗೆ ಬರೋಣ. ಸಂಗೀತದಲ್ಲಿ ಪಾದಕ್ಕೆ ಕೆಲಸ ಕೊಟ್ಟದ್ದು ಹೊಸತೇನಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಲೆಗ್ ಹಾರ್ಮೋನಿಯಮ್ಮಿನ ತುಳಿಹಲಗೆಗಳನ್ನು ರಾತ್ರಿಯಿಡೀ ತುಳಿಯುತ್ತಿದ್ದರು. ಕಾಲು ಗಾಳಿ ಒದಗಿಸಿದರೆ ಎರಡೂ ಕೈ ಸ್ವರಕ್ಕೆ ಬಿಡುವು. ಅಲ್ಲಿ ಕಾಲಿನದು ದುಡಿಮೆ. ಪೆಡಲಿನ ಮುಂದೆ ನಿಂತವನ ಕಾಲು ದುಡಿಯುವುದಿಲ್ಲ, ತೀರ್ಮಾನ ಮಾಡುತ್ತದೆ. ಕೈಗಳೆರಡೂ ತಂತಿಗೆ ಸಿಕ್ಕಿಕೊಂಡಿವೆ. ಕಾಲವನ್ನು ಕುರಿತ ಮಾತು ಹೇಳಬೇಕಾದರೆ ಕಾಲೇ ಹೇಳಬೇಕು.

ಮೊದಲನೆಯ ಮಾತು ಟ್ಯಾಪ್. ಪೆಡಲಿನ ಜ್ಯಾಕಿಗೆ ಪ್ರತ್ಯೇಕ ಫುಟ್‌ಸ್ವಿಚ್ ಸೇರಿಸಿ ಹಾಡಿನ ನಡೆಗೆ ಎರಡು ಸಲ ತುಳಿದರೆ, ಆ ಎರಡು ತುಳಿತಗಳ ನಡುವಿನ ಬಿಡುವನ್ನು ಪೆಟ್ಟಿಗೆ ಅಳೆದು ತನ್ನ ತಡವನ್ನಾಗಿ ಮಾಡಿಕೊಳ್ಳುತ್ತದೆ. ನಿಮಿಷಕ್ಕೆ 120 ಬಡಿತದ ಹಾಡಾದರೆ 500 ಮಿಲಿಸೆಕೆಂಡು. ಡ್ರಮ್ಮಿನವನು ಉತ್ಸಾಹದಲ್ಲಿ ಓಡಿದರೆ ಮತ್ತೆ ಎರಡು ತುಳಿತ. ಬಂಡೆಯನ್ನು ಒದ್ದು ಸರಿಸುವುದು ಎಂದರೆ ಇದೇ ಇರಬೇಕು. ಯೂ2 ತಂಡದ ಗಿಟಾರಿಸ್ಟ್ ಎಡ್ಜ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತಡವನ್ನು ಬಡಿತದ ಮುಕ್ಕಾಲು ಪಾಲಿಗೆ ನಿಲ್ಲಿಸಿದ. ಅದೇ 120ರ ನಡೆಯಲ್ಲಿ 375 ಮಿಲಿಸೆಕೆಂಡು. ಅವನು ಬಡಿತಕ್ಕೆ ಎರಡು ಸ್ವರ ಮೀಟುತ್ತಾನೆ. ಮಾರ್ದನಿಗಳು ಆ ಸ್ವರಗಳ ಮೇಲೆ ಬೀಳದೆ ಸಂದಿನಲ್ಲಿ ಬೀಳುತ್ತವೆ. ಕೇಳುವವನಿಗೆ ಬಡಿತಕ್ಕೆ ನಾಲ್ಕು ಸ್ವರ. 1987ರ ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಹಾಡಿನ ಆರಂಭ ಹಾಗೆ ಹೆಣೆದದ್ದು. ಅರೆ, ಮುಕ್ಕಾಲು ಎಡುಪಿನಲ್ಲಿ ಪಲ್ಲವಿ ಎತ್ತಿಕೊಳ್ಳುವುದನ್ನು ಕೇಳಿ ಬೆಳೆದ ನಮ್ಮ ಕಡೆಯ ಕಿವಿಗೆ ಇದರ ರುಚಿ ಬೇಗ ಹತ್ತುತ್ತದೆ. ಅರ್ಧದಷ್ಟು ನುಡಿಸುವುದು ಅವನ ಬೆರಳು. ಉಳಿದರ್ಧ ನುಡಿಸುವುದು ಅವನೇ, ಆದರೆ 375 ಮಿಲಿಸೆಕೆಂಡು ಹಿಂದಿನ ಅವನು.

ಫುಟ್‌ಸ್ವಿಚ್ ಕೊಳ್ಳುವವರಿಗೆ ಒಂದು ಪಕ್ಕದ ಮಾತು. ತುಳಿದಾಗಷ್ಟೇ ಸಂಪರ್ಕ ಕೊಟ್ಟು ಬಿಟ್ಟಾಗ ಬಿಡುವ ಸ್ವಿಚ್ ಒಂದು ಬಗೆ. ಒಮ್ಮೆ ತುಳಿದರೆ ಹಿಡಿದುಕೊಂಡು, ಮತ್ತೊಮ್ಮೆ ತುಳಿದರೆ ಬಿಡುವುದು ಇನ್ನೊಂದು. ಬಾಸ್‌ನವರ ಎಫ್‌ಎಸ್-5ಯು ಮೊದಲನೆಯ ಬಗೆ, ಎಫ್‌ಎಸ್-5ಎಲ್ ಎರಡನೆಯದು. ಹೊರನೋಟಕ್ಕೆ ಅಣ್ಣತಮ್ಮಂದಿರ ಹಾಗಿವೆ. ಟ್ಯಾಪಿಗೆ ಬೇಕಾದದ್ದು ಮೊದಲನೆಯದು. ಎರಡನೆಯದನ್ನು ಹಾಕಿದರೆ ನೀವು ಎರಡು ಸಲ ತುಳಿದದ್ದನ್ನು ಪೆಟ್ಟಿಗೆ ಒಂದೇ ಸಲ ಎಂದು ಎಣಿಸಿ ಹಾಡನ್ನೆಲ್ಲ ಅಡಿಮೇಲು ಮಾಡುತ್ತದೆ.

ಕಾಲಿನ ಎರಡನೆಯ ಮಾತು ಒಂದು ಬಿಂದುವಲ್ಲ, ಒಂದು ಇಳಿಜಾರು. ಎಕ್ಸ್‌ಪ್ರೆಷನ್ ಪೆಡಲ್ ಕಾರಿನ ಆಕ್ಸಿಲರೇಟರಿನ ಹಾಗೆ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಬಾಗುತ್ತದೆ. ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗನ ಕೋಣೆಯಲ್ಲಿ ಅದನ್ನು ಮೊದಲು ಕಂಡಾಗ, ಗಿಟಾರಿನ ಸದ್ದು ಅದರೊಳಗೂ ಹಾದುಹೋಗುತ್ತದೆ ಎಂದುಕೊಂಡು ಎಲ್ಲಿಂದ ಹೊಕ್ಕು ಎಲ್ಲಿಂದ ಹೊರಡುತ್ತದೆ ಎಂದು ಕೇಳಿದೆ. ಹುಡುಗ ನಕ್ಕ. “ಮಾಮ, ಅದ್ರಲ್ಲಿ ಸೌಂಡೇ ಹೋಗಲ್ಲ. ಬರೀ ಕಾಲು ಎಲ್ಲಿದೆ ಅಂತ ಹೇಳುತ್ತೆ ಅಷ್ಟೆ.”

ಅವನು ಹೇಳಿದ ಆ ಮಾತು ಇಂದಿಗೂ ನನಗೆ ಹಳತಾಗಿಲ್ಲ. ಅದರ ಕೇಬಲಿನ ಪಿನ್ನಿಗೆ ಎರಡಲ್ಲ, ಮೂರು ಭಾಗ: ತುದಿ, ನಡುವಿನ ಉಂಗುರ, ಉಳಿದ ಉದ್ದ. ಡಿಲೇ ಪೆಟ್ಟಿಗೆ ಒಂದು ಭಾಗದ ಮೂಲಕ ಕೆಲವೇ ವೋಲ್ಟಿನ ವಿದ್ಯುತ್ತನ್ನು ಕಾಲ ಬಳಿಗೆ ಕಳಿಸುತ್ತದೆ. ಅಲ್ಲಿ ಸಾಮಾನ್ಯವಾಗಿ 10,000 ಓಮ್ ಆಸುಪಾಸಿನ ಒಂದು ಪೊಟೆನ್ಶಿಯೋಮೀಟರ್, ರೇಡಿಯೊದ ವಾಲ್ಯೂಮ್ ತಿರುಪಿನಲ್ಲಿ ಇರುವಂಥದ್ದೇ, ಪಾದದ ಬಾಗುವಿಕೆಗೆ ತಕ್ಕಷ್ಟು ಪಾಲನ್ನು ಇನ್ನೊಂದು ಭಾಗದ ಮೂಲಕ ಹಿಂದಿರುಗಿಸುತ್ತದೆ. ಎಷ್ಟು ಕಳಿಸಿದೆ, ಎಷ್ಟು ಬಂತು ಎಂಬ ಲೆಕ್ಕದಿಂದ ಪೆಟ್ಟಿಗೆಗೆ ಪಾದದ ಇರವು ತಿಳಿಯುತ್ತದೆ. ಮೂಕ ಕೇಬಲ್ ಅದು. ಕಿವಿಯಿಟ್ಟರೆ ಒಂದು ಸದ್ದೂ ಇಲ್ಲ. ಆದರೆ ಇಡೀ ಸದ್ದಿನ ಗತಿಯನ್ನು ಬದಲಿಸುವುದು ಅದೇ. ತುದಿಗೆ ಯಾವುದು, ಉಂಗುರಕ್ಕೆ ಯಾವುದು ಎಂಬುದರಲ್ಲಿ ಕಂಪನಿಗಳಿಗೆ ಒಮ್ಮತವಿಲ್ಲ, ಅದೊಂದು ತಲೆನೋವು. ಎರಡು ಭಾಗದ ಸಾದಾ ಗಿಟಾರ್ ಕೇಬಲನ್ನು ಇಲ್ಲಿ ಚುಚ್ಚಿದರೆ ಉಂಗುರವೂ ಉಳಿದ ಉದ್ದವೂ ಒಂದಾಗಿ, ಎಷ್ಟು ತುಳಿದರೂ ಪೆಟ್ಟಿಗೆಗೆ ಪಾದ ಕಾಣುವುದಿಲ್ಲ.

ಲೈನ್ 6 ಕಂಪನಿ 1999ರಲ್ಲಿ ತಂದ ಡಿಎಲ್4 ಎಂಬ ಹಸಿರು ಪೆಟ್ಟಿಗೆ ಇದನ್ನು ಇನ್ನೂ ಚೆನ್ನಾಗಿ ಬಳಸಿಕೊಂಡಿತು. ಪಾದ ಹಿಮ್ಮಡಿಯ ಕಡೆ ಇರುವಾಗ ನಾಬ್‌ಗಳು ಹೇಗಿರಬೇಕು, ಹೆಬ್ಬೆರಳ ಕಡೆ ಬಾಗಿದಾಗ ಹೇಗಿರಬೇಕು ಎಂದು ಎರಡು ಸ್ಥಿತಿ ಕಲಿಸಿಟ್ಟರೆ, ನಡುವಿನದೆಲ್ಲವನ್ನೂ ಅದು ತಾನೇ ತುಂಬಿಕೊಳ್ಳುತ್ತದೆ. ಒಂದು ತುದಿಯಲ್ಲಿ ಚಿಕ್ಕ ಕೋಣೆ, ಇನ್ನೊಂದು ತುದಿಯಲ್ಲಿ ಕಣಿವೆ. ಪಾದ ಬಾಗಿಸುತ್ತ ಹೋದರೆ ಕೋಣೆಯೇ ಕಣಿವೆಯಾಗುತ್ತ ಹೋಗುತ್ತದೆ. ಇನ್ನು, ತಡದ ನಾಬನ್ನೇ ಪಾದದ ವಶಕ್ಕೆ ಕೊಟ್ಟರೆ ಕೆಲವು ಪೆಡಲುಗಳಲ್ಲಿ ಮಾರ್ದನಿಯ ಶ್ರುತಿಯೇ ಏರಿಳಿದು ಅಳುತ್ತದೆ. ತಡ ಕಡಿಮೆಯಾಗಬೇಕೆಂದರೆ ಓದುವವನು ಬರೆಯುವವನಿಗೆ ಹತ್ತಿರವಾಗಬೇಕು. ಅದಕ್ಕಾಗಿ ಅವನು ಓಡುವ ಅಷ್ಟು ಹೊತ್ತು ಸದ್ದು ಬೇಗ ಬೇಗ ಓದಿಸಿಕೊಂಡು ಶ್ರುತಿ ಏರುತ್ತದೆ. ಹಿಂದೆ ಸರಿಯುವಾಗ ಇಳಿಯುತ್ತದೆ. ಹತ್ತಿರ ಬಂದು ದಾಟಿಹೋಗುವ ರೈಲಿನ ಸೀಟಿ ಬದಲಾಗುವುದಕ್ಕೂ ಕಾರಣ ಇದೇ. ಪೆಟ್ಟಿಗೆಯೊಳಗಿನ ದೂರ ಬರಿಯ ಮಾತಿನ ದೂರವಲ್ಲ ಎನ್ನುವುದಕ್ಕೆ ನನಗೆ ಸಿಕ್ಕ ದೊಡ್ಡ ಸಾಕ್ಷಿ ಈ ಅಳು.

ಪೆಡಲನ್ನು ಆಫ್ ಮಾಡುವುದಕ್ಕೂ ಎರಡು ದಾರಿಗಳಿವೆ. ಹೊರಬಾಗಿಲು ಮುಚ್ಚಿದರೆ ಮಾರ್ದನಿ ಅಲ್ಲಿಗೇ ಕತ್ತರಿಸಿದಂತೆ ನಿಲ್ಲುತ್ತದೆ. ಒಳಬಾಗಿಲು ಮಾತ್ರ ಮುಚ್ಚಿದರೆ, ಹೊಸ ಸದ್ದು ಒಳಗೆ ಹೋಗುವುದಿಲ್ಲ, ಆದರೆ ಆಗಲೇ ಒಳಗಿರುವವು ತಮ್ಮ ಸುತ್ತು ಮುಗಿಸಿಕೊಂಡು ಒಂದೊಂದಾಗಿ ಹೊರಬಂದು ತಣ್ಣಗಾಗುತ್ತವೆ. ನಾನು ಎರಡನೆಯದರ ಪಕ್ಷ. ಮೀಟಿಯಾದದ್ದನ್ನು ಕೇಳಲು ಬಿಡದೆ ಬಾಯಿ ಮುಚ್ಚಿಸುವ ಪೆಡಲಿಗೆ ದುಡ್ಡು ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದೇ ಬೇಕೆನ್ನುವ ಗಿಟಾರಿಸ್ಟರೂ ಇದ್ದಾರೆ, ಇರಲಿ.

ಕೊನೆಗೆ ಇನ್‌ಪುಟ್ ಜ್ಯಾಕಿನ ಒಂದು ಗುಟ್ಟು. ಬ್ಯಾಟರಿಯಿಂದ ನಡೆಯುವ ಪೆಡಲುಗಳನ್ನು ತಿರುಗಿಸಿ ಮುರುಗಿಸಿ ನೋಡಿದರೂ ಪವರ್ ಸ್ವಿಚ್ ಕಾಣುವುದಿಲ್ಲ. ಮೇಲಿನ ಸ್ವಿಚ್ ತುಳಿದರೆ ಆಫ್ ಆಗುವುದು ಮಾರ್ದನಿ ಮಾತ್ರ, ಪೆಟ್ಟಿಗೆಯಲ್ಲ. ಇನ್‌ಪುಟ್ ಜ್ಯಾಕನ್ನು ಬೇಕೆಂದೇ ಮೂರು ಭಾಗದ್ದಾಗಿ ಮಾಡಿ, ಬ್ಯಾಟರಿಯ ಋಣತುದಿಯನ್ನು ಅದರ ಉಂಗುರದ ಪಟ್ಟಿಗೆ ಕಟ್ಟಿರುತ್ತಾರೆ. ಎರಡು ಭಾಗದ ಗಿಟಾರ್ ಪಿನ್ ಒಳಬಂದರೆ ಅದರ ಉದ್ದನೆಯ ಮೈ ಉಂಗುರದ ಪಟ್ಟಿಯನ್ನೂ ಉಳಿದ ಉದ್ದದ ಪಟ್ಟಿಯನ್ನೂ ಒಟ್ಟಿಗೆ ಮುಟ್ಟುತ್ತದೆ, ಬ್ಯಾಟರಿಯ ಸುತ್ತು ಪೂರ್ತಿಯಾಗುತ್ತದೆ. ಗಿಟಾರನ್ನು ಜೋಡಿಸುವುದೇ ಪೆಟ್ಟಿಗೆಗೆ ಜೀವ ಬರಿಸುವುದು. ಬೇರೆ ಸ್ವಿಚ್ ಯಾತಕ್ಕೆ? ಇಷ್ಟು ಚಂದದ ಏರ್ಪಾಡಿಗೆ ಒಂದೇ ಒಂದು ಕರಾರಿದೆ. ನಿಮ್ಮ ಮನೆಯಲ್ಲಿ ಯಾರಾದರೂ ಬ್ಯಾಟರಿ ಹಾಕಿ ಪೆಡಲ್ ನುಡಿಸುವವರಿದ್ದರೆ, ಮಲಗುವ ಮುನ್ನ ಇನ್‌ಪುಟ್ ಕಡೆಯ ಪಿನ್ ಕಿತ್ತಿಡಲು ಹೇಳಿ. ಆಂಪ್ ಕಡೆಯದನ್ನು ಕಿತ್ತು ಪ್ರಯೋಜನವಿಲ್ಲ. ಡಿಜಿಟಲ್ ಡಿಲೇ ಆದರಂತೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತದೆ.